ಪ, ಬ, ಮ

ಖಡೇಬಜಾರಿನ ಗುಜರಿಯಲ್ಲಿ ತೂಕಕ್ಕೆ ಸಿಕ್ಕ ತಗಡಿನ ಡಬ್ಬಿ.
ಮುಚ್ಚಳದ ಮೇಲೆ ಮೊಳೆಯಿಂದ ಕೊರೆದದ್ದು ಇಷ್ಟೇ:
ಬೈಲಹೊಂಗಲ. ಜಿನ್ನು. ಮರುದಿನ.

ಪ್ರೊಜೆಕ್ಟರಿಗೆ ಏರಿಸುವಂತಿಲ್ಲ. ಆ ಕಾಲದ ರೀಲು,
ಹತ್ತಿಯನ್ನೇ ಆಮ್ಲದಲ್ಲಿ ನೆನೆಸಿ ಮಾಡಿದ್ದು,
ದೀಪದ ಬಿಸಿ ತಾಗಿದರೆ ಭಗ್ ಎನ್ನುತ್ತದೆ.
ಬೆಂಕಿ ಹತ್ತಿದ ಹತ್ತಿಯ ಚಿತ್ರ, ಹತ್ತಿಯ ಮೇಲೆ.
ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಚೌಕ
ಮೊಬೈಲಿನಲ್ಲಿ ತೆಗೆದೆ: ಸಾವಿರದ ನಾನೂರಾ ಹನ್ನೆರಡು.
ಪೋಣಿಸಿ ಓಡಿಸಿದರೆ
ಒಂದೂವರೆ ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ.

ಬೆಂಕಿ ಇಲ್ಲ ಅದರಲ್ಲಿ. ಆಗಲೇ ಉಂಡು ಎದ್ದುಹೋಗಿದೆ.
ಗೋಡೆ ಬಿದ್ದು ಚೌಕಟ್ಟೊಂದೇ ಉಳಿದ ಬಾಗಿಲು;
ಪಟಗಾ ಸುತ್ತಿದ ಹಿರಿಯನೊಬ್ಬ, ಸುತ್ತ ಬಯಲಿದ್ದರೂ,
ತಲೆ ಬಗ್ಗಿಸಿ ಅದರೊಳಗಿಂದಲೇ ಬರುತ್ತಾನೆ.
ಗುಮಾಸ್ತ ತೊಯ್ದ ಕಿರ್ದಿಯ ಹಾಳೆ ಬಿಡಿಸಿ
ಉರುಳಿದ ಬಾಯ್ಲರಿನ ಮೇಲೆ ಒಣಹಾಕುತ್ತಾನೆ, ಹಪ್ಪಳದಂತೆ.
ಒಬ್ಬ ಹುಡುಗ, ಲಂಗೋಟಿ, ಮೈತುಂಬ ಮಸಿ,
ನಾಲ್ಕು ಸಲ ಓಡಿ ಬಂದು ಕ್ಯಾಮೆರಾಕ್ಕೆ ಹಲ್ಲು ತೋರಿಸುತ್ತಾನೆ.
ಅಂಚಿನಲ್ಲಿ ಒಬ್ಬಾಕೆ. ಕಂಕುಳಲ್ಲಿ ಕೊಡ.
ಬಾಯಿ ತೆರೆಯುತ್ತಾಳೆ. ಮುಚ್ಚುತ್ತಾಳೆ.

ಆ ಬಾಯಿಗಾಗಿ ಕಾಶವ್ವನಲ್ಲಿಗೆ ಹೋದೆ.
ಶಹಾಪುರದಲ್ಲಿ ಸೀರೆಗೆ ಫಾಲ್ ಹಚ್ಚುವಾಕೆ, ಹುಟ್ಟಾ ಕಿವುಡಿ,
ಓಣಿಯ ಜಗಳವನ್ನೆಲ್ಲ ಕಿಟಕಿಯಲ್ಲೇ ಕೂತು
ತುಟಿಯಿಂದ ಓದಿ ನಗುವಾಕೆ.

ಸೂಜಿಯನ್ನು ಸೆರಗಿಗೆ ಚುಚ್ಚಿ ನೋಡಿದಳು.
ಹಿರಿಯ ಬಂದಾಗ ಹಳೆಯ ಬಿಲ್ಲಿನ ಬೆನ್ನಿಗೆ ಬರೆದಳು:
"ಎಣಸಾಕತ್ತಾನ. ನಲವತ್ತಾರು. ಮತ್ತ ಮೊದಲಿಂದ."
ಅಂಡಿಗೆಯೋ ಮಂದಿಯೋ? ಭುಜ ಕುಣಿಸಿದಳು.
ಗುಮಾಸ್ತ? "ಸುಮ್ಮ ಅದಾನ. ಹಲ್ಲ ಕಡದಾನ."
ಆ ಹೆಂಗಸಿಗೆ ಬಂದು ಬೆರಳೆತ್ತಿದಳು: ಇನ್ನೊಮ್ಮೆ.
ಇನ್ನೊಮ್ಮೆ.
ಒಂಬತ್ತನೆಯ ಸಲಕ್ಕೆ ಬರೆದಳು:

"ಕರ್ಯಾಕತ್ತಾಳ. ಬಾಳವ್ವ ಇರಬೇಕು.
ಮಾಳವ್ವನೂ ಇರಬಹುದು.
ಬರೇ ಬಾರವ್ವ ಅಂತನೂ.
ಪ, ಬ, ಮ, ತುಟಿಗೆ ಮೂರೂ ಒಂದ."
ಆಮೇಲೆ, ಸಣ್ಣಕ್ಷರದಲ್ಲಿ: "ಹುಡುಗನ್ನ ಅಲ್ಲ."

ಹುಡುಗ ಐದನೆಯ ಸಲ ಬರುವಷ್ಟು ರೀಲು ಇಲ್ಲ.
ಪರದೆ ಕಪ್ಪಾದ ಮೇಲೂ ಕಾಶವ್ವನ ತುಟಿ
ಆಕೆಯಂತೆಯೇ ಕೂಡಿ ಬಿಟ್ಟು, ಕೂಡಿ ಬಿಟ್ಟು,
ಯಾವ ಹೆಸರೆಂದು ರುಚಿ ನೋಡುತ್ತಿತ್ತು.

ತಣ್ಣನೆಯ ಕೋಣೆ ಇರುವವರಿಗೆ ಒಪ್ಪಿಸಬೇಕು ಇದನ್ನು.
ಹಸಿ ಧೋತರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಮೊದಲ ಬಸ್ಸು.
ಕಿತ್ತೂರು ದಾಟಿದ ಮೇಲೆ ಕಂಡಕ್ಟರ್ ಬಗ್ಗಿದ.
"ಏನೈತ್ರೀ ಇದರಾಗ?"
ಹತ್ತಿ, ಅಂದೆ.
ಲಗೇಜಿನ ಚೀಟಿ ಹರಿದು ಕೈಗಿಟ್ಟ.