ಮೂರರಾಗ ಒಂದು ಪಾಲು

ಕಾಲುವಿ ಬಂದಾದ ಹದಿನೇಳನೇ ದಿನಕ್ಕ
ಕುಡಿಯೋ ನೀರಿನ ಕೆರಿ ಹಸಿರಾತು.
ಕಾರಟಗಿಯ ಈ ಮೂಲ್ಯಾಗ ಅದು ಸುದ್ದಿ ಅಲ್ಲ,
ನಳದಾಗ ವಾಸನಿ ಬಂದ ಮ್ಯಾಲೆ ಸುದ್ದಿ.

ಹುಸೇನಪ್ಪ, ಏನರ ಹಾಕಪ, ಅಂತಾರ.
ಹಾಕ್ತೀನಿ. ಮೈಲುತುತ್ತ ತೂಗಿ
ಗೋಣಿಚೀಲದಾಗ ಕಟ್ಟಿ
ಪುಟ್ಟಿಯ ಹಿಂದ ಇಳಿಬಿಟ್ಟು
ಬಿಸಿಲು ಏರೋದರೊಳಗ ಹುಟ್ಟು ಹಾಕ್ತೀನಿ.
ನೀಲಿ ದಾರ ಒಂದು ನನ್ನ ಬೆನ್ನ ಹಿಂದ ಬರ್ತೈತಿ,
ಬರ್ತಾ ಬರ್ತಾ ನೀರಾಗ್ತೈತಿ.

ಇವತ್ತು ಮೂರರಾಗ ಒಂದು ಪಾಲು, ಅಷ್ಟ.
ಹೋದ ವರ್ಷ ಸಾಹೇಬರು ಬರ್ತಾರಂತ
ಒಂದೇ ಮುಂಜಾನಿ ಪೂರಾ ಕೆರಿ ತಿರುಗಿದ್ದೆ.
ಹಾವಸಿ ಸತ್ತಿತು, ಸತ್ತದ್ದು ಕೊಳೀತು,
ಕೊಳೆಯೋದು ನೀರಿನ ಉಸಿರು ಕುಡೀತು.
ಮರುದಿನ ಮೀನು,
ಹೊಟ್ಟಿ ಮ್ಯಾಲೆ ಮಾಡಿ, ಬೆಳ್ಳಗ,
ಸಾಹೇಬರ ಬೂಟಿನ ಮುಂದ.

ಉಳಿದದ್ದು ದಂಡಿಗೆ ನಿಂತು ಬಲಿಯಿಂದ ಎಳೀತೀನಿ.
ತೊಯ್ದ ಕಂಬಳಿಯಷ್ಟು ಭಾರ.
ಏರಿಯ ಆಚಿ ಗದ್ದಿ, ಅದರಾಗ ಮುಕ್ಕಾಲೆಕರೆ ನಂದು.
ಬ್ಯಾಸಿಗಿ ಬೆಳಿಗೆ ನಾನೇ ಎರಡು ಚೀಲ ಯೂರಿಯಾ ಎರಚಿದ್ದೆ.
ಪೈರು ಉಂಡು ಬಿಟ್ಟದ್ದು
ಏರಿ ಬಿರಿದ ಕಡಿಂದ ಬಸಿದು
ಇಲ್ಲಿ ಬಂದು ಊಟಕ್ಕ ಕುಂತೈತಿ.
ಇದೇ ಹಸಿರು ಗದ್ದ್ಯಾಗ ನೋಡಿ
ಮಾಬಮ್ಮನ್ನ ಕರದು ತೋರಿಸಿದ್ದೆ.

ಎರಡನೇ ಪಾಲು ನಾಳಿ ಅಲ್ಲ, ವಾರ ಬಿಟ್ಟು.
ಮನ್ಯಾಗ ಮಾಬಮ್ಮ ಕೊಡ ಬಗ್ಗಿಸಿ ಮೂಸ್ತಾಳ,
ಇನ್ನೂ ಐತಿ, ಅಂತಾಳ.
ನನ್ನ ಉಗುರಿನ ಸಂದ್ಯಾಗ ನೀಲಿ.
ತೊಳಕೊಂಡು ಬಾ, ಅಂತಾಳ.
ಅದೇ ಕೊಡ ಕೊಡ್ತಾಳ.