ಎಂಟಾಣೆಯಗಲ

ಮಲ್ಪೆ ಬಂದರಿನ ಹಿಂಬದಿ, ಐಸ್ ಪ್ಲಾಂಟಿನಲ್ಲಿ,
ರಾತ್ರಿ ಪಾಳಿಯ ಎರಡು ಗಂಟೆಗೆ
ಇದ್ದಿನಬ್ಬನ ಕೈಜಾರಿ
ಗಾಜಿನ ತೇಲುಕಡ್ಡಿ ತೊಟ್ಟಿಯ ಕಬ್ಬಿಣದಂಚಿಗೆ ಬಡಿಯಿತು.
ಸಾಸಿವೆಯಂಥ ಸೀಸದ ಗುಂಡುಗಳು
ನನ್ನ ಚಪ್ಪಲಿಯಡಿಗೆ ಉರುಳಿ ಬಂದವು.
ಒಳಗಿದ್ದ ಕಾಗದದ ಸುರುಳಿ, ಸೊನ್ನೆಯಿಂದ ನೂರರವರೆಗೆ ಗೆರೆ,
ಹೆಕ್ಕಿ, ಒರೆಸಿ, ಬೀಡಿಕಟ್ಟಿನೊಳಗೆ ಇಟ್ಟುಕೊಂಡ.

ಮಂಗಳೂರಿಂದ ಮೀಟರು ತರಿಸುವ, ಅಂದರು ಧನಿ.
ಅಲ್ಲಿಯವರೆಗೆ?
ಬೋಟುಗಳು ಹೊರಡುವುದು ನಾಲ್ಕಕ್ಕೆ.

ಹೊಸಬ ನಾನು, ತಿಳಿದದ್ದು ಇಷ್ಟೇ:
ತೊಟ್ಟಿ ತುಂಬ ಉಪ್ಪುನೀರು, ಅದರಲ್ಲಿ ಸಾಲುಸಾಲು ಡಬ್ಬಿ,
ಡಬ್ಬಿಯೊಳಗೆ ಬಾವಿಯ ಸಿಹಿನೀರು.
ಸೊನ್ನೆಯಿಂದ ಹತ್ತು ಮೆಟ್ಟಿಲು ಕೆಳಗಿಳಿದರೂ
ಉಪ್ಪುನೀರು ತಾನು ಕಲ್ಲಾಗುವುದಿಲ್ಲ,
ಮಗ್ಗುಲಿನ ಸಪ್ಪೆಯನ್ನು ಕಲ್ಲು ಮಾಡುತ್ತದೆ.
ಉಪ್ಪು ಕಮ್ಮಿಯಾದರೆ
ಕೊಳವೆಗಳ ಮೇಲೇ ಹೆಪ್ಪು ಕೂತು
ಕಂಪ್ರೆಸರು ಕೆಮ್ಮುತ್ತದೆ.

ಇದ್ದಿನಬ್ಬ ಕ್ಯಾಂಟೀನಿನಿಂದ ಒಂದು ಮೊಟ್ಟೆ ತಂದ.
ಬಕೆಟ್ಟಿನಲ್ಲಿ ನೀರು ತೋಡಿ, ಚಳಿ ಬಿಡಲಿ ಎಂದು
ಎರಡು ಬೀಡಿಯಷ್ಟು ಹೊತ್ತು ಕಾದ.
ಮತ್ತೆ ಮೊಟ್ಟೆ ಇಳಿಸಿದ. ಒಮ್ಮೆ ಮುಳುಗಿ ಎದ್ದು
ಅದು ನೆತ್ತಿ ತೋರಿಸಿ ನಿಂತಿತು.
"ನಾಲ್ಕಾಣೆ. ಎಂಟಾಣೆಯಗಲ ಕಾಣಬೇಕು."
ಎರಡು ಗೋಣಿ ಉಪ್ಪು ಸುರಿದೆವು.
"ಯಾರು ಕಲಿಸಿದ್ದು?"
"ಉಮ್ಮ. ಮಾವಿನಮಿಡಿ ಉಪ್ಪಿಗೆ ಹಾಕುವಾಗ."

ಹನ್ನೊಂದನೆಯ ದಿನ ಮೀಟರು ಬಂತು, ಕೆಂಪು ಅಂಕಿಯದ್ದು.
ಅದ್ದಿದೆ. ಎಂಬತ್ತೆಂಟು.
ಅವನು ಮೊಟ್ಟೆ ಬಿಟ್ಟ.
ಅರ್ಧಕ್ಕರ್ಧ ಹೊರಗೆ, ರೂಪಾಯಿಗಿಂತ ಅಗಲ!
ಧನಿ ನಕ್ಕರು. ನಾನೂ, ಸ್ವಲ್ಪ.

ಇದ್ದಿನಬ್ಬ ಅದನ್ನು ಒರೆಸಿ
ಕಿವಿಯ ಹತ್ತಿರ ಅಲ್ಲಾಡಿಸಿದ.
"ಇದು ಹಳತು ಮಾರಾಯ, ಒಳಗೆ ಗಾಳಿ ಕೂತಿದೆ.
ಹಳತಾದರೆ ಮೊಟ್ಟೆ ಯಾವ ನೀರಲ್ಲೂ ತೇಲುತ್ತದೆ.
ಅದರ ಮಾತು ನಂಬಬಾರದು."
ಗಟಾರಕ್ಕೆ ಎಸೆದ.
ನಾತ ಬಂದ ಮೇಲೆ ಯಾರೂ ನಗಲಿಲ್ಲ.

ಹೊಸ ಮೊಟ್ಟೆ ತರಲು ಅವನು ಹೋಗಲಿಲ್ಲ.
ಬೀಡಿಕಟ್ಟಿನಿಂದ ಸುರುಳಿ ತೆಗೆದು, ಬಿಚ್ಚಿ,
ಎಂಬತ್ತೆಂಟು ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದ.
ನೀರಿನ ಹೊರಗೆ ಎಲ್ಲ ಗೆರೆಯೂ ಒಂದೇ.

ಬೆಳಗಾಗುವಾಗ ವಾರಿಜಕ್ಕ ಬುಟ್ಟಿ ಇಳಿಸಿದಳು.
ಮೀಟರು ನೋಡಲಿಲ್ಲ, ನಮ್ಮನ್ನೂ.
ಐಸಿನ ಒಂದು ಚೂರು ಮುರಿದು ಬಾಯಿಗೆ ಹಾಕಿ
ಕಣ್ಣುಮುಚ್ಚಿ ಚೀಪಿದಳು.
ಡಬ್ಬಿ ಎಲ್ಲಾದರೂ ಸೋರಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಸಪ್ಪೆ ಉಂಟು, ಅಂದಳು.
ಕೊಡಿ, ಎರಡು.