ನಾಳೆ ಬಾ

ಮೊದಲು ಆ ಪುಸ್ತಕ ಕಸಿದುಕೊಂಡವಳೇ ನಾನು.
ಪಿಯುಸಿ ಕೆಮಿಸ್ಟ್ರಿ ಗೈಡಿನೊಳಗೆ ಅಡಗಿಸಿಟ್ಟಿದ್ದಳು
ಸಂಪದಾ, ಅಕ್ಕನ ಮಗಳು,
ರವೆ ಹಚ್ಚಿದ ಮೀನಿನೊಳಗೆ ಮುಳ್ಳಿನ ಹಾಗೆ.
ರಟ್ಟಿನ ಮೇಲೆ ಬಿಳಿಚಿದ ಹುಡುಗ, ತುಟಿಯಲ್ಲೊಂದು ಹನಿ.
'ರಕ್ತ ಕುಡಿಯುವವನ ಜತೆ ಎಂಥ ಪ್ರೇಮವೇ?' ಅಂದೆ.
'ನೀನೂ ದಿನಾ ಎಳೀತೀಯಲ್ಲ, ಮಾವಶಿ' ಅಂದಳು.

ಹೌದು, ಎಳೆಯುತ್ತೇನೆ.
ಕಾರವಾರದ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ.
ಬೈತಖೋಲದ ಖಲಾಸಿಗಳ ಹಗ್ಗದಂಥ ನರ,
ಬಸುರಿಯರ ಅಡಗಿ ಕೂರುವ ನರ,
ಸೂಜಿ ಕಂಡೊಡನೆ ತನ್ನ ಹೆಸರೇ ಮರೆಯುವ ಪೊಲೀಸು.

ಆ ರಾತ್ರಿಪಾಳಿಯಲ್ಲಿ ಕರೆಂಟು ಹೋಯಿತು.
ಫ್ರಿಜ್ಜಿಗೆ ಜನರೇಟರು, ನನಗೆ ಟಾರ್ಚು.
ಬೈಯಲಿಕ್ಕಾದರೂ ಓದಬೇಕಲ್ಲ ಎಂದು ತೆರೆದೆ.
ನನ್ನ ಇಂಗ್ಲಿಷು ಬಾಟಲಿಯ ಲೇಬಲ್ಲು ಓದುವಷ್ಟು;
ಗೊತ್ತಿಲ್ಲದ ಶಬ್ದ ಬಿಟ್ಟು ಗೊತ್ತಿದ್ದದ್ದರ ಮೇಲೆ ಕಾಲಿಟ್ಟು
ಇಳಿತದ ಹೊತ್ತು ಕಲ್ಲಿಂದ ಕಲ್ಲಿಗೆ ಹೋಗುವಂತೆ ಹೋದೆ.
ನಲವತ್ತನೇ ಪುಟದಲ್ಲಿ ಭರತ ಏರಿತು.

ಅವನಿಗೆ ನೂರಾ ಹನ್ನೆರಡು, ಕಾಣುವುದು ಹದಿನೆಂಟು.
ಅವಳು ಸೈಕಲ್ಲಿನ ಚೈನು ಹಾಕಲು ಬಾರದ ಪೆದ್ದಿ.
ಕರೆಯದೆ ಅವನು ಹೊಸ್ತಿಲು ದಾಟುವಂತಿಲ್ಲ,
ಒಂಬತ್ತು ಅಧ್ಯಾಯ ಹೊರಗೇ ನಿಂತಿರುತ್ತಾನೆ, ಹಿಮದಲ್ಲಿ.
'ಕರಿಯೇ ಮಾರಾಯ್ತಿ' ಎಂದು ಗಟ್ಟಿಯಾಗಿಯೇ ಅಂದೆನಂತೆ,
ವಾರ್ಡಿನ ಆಯಾ ಓಡಿ ಬಂದಳು.

ಇಲ್ಲಿ ಹುಟ್ಟಿದ್ದರೆ ಏನು ಮಾಡುತ್ತಿದ್ದ, ಪಾಪ?
ಬಂಗಡೆ ಒಣಗಿಸುವ ಮೇ ತಿಂಗಳ ಬಿಸಿಲಲ್ಲಿ
ಹತ್ತು ಗಂಟೆಗೆಲ್ಲ ಒಂದು ಹಿಡಿ ಬೂದಿ.
ಬೋಟುಗಳಿಗೂ ಸೂರ್ಯನಿಗೂ ರಜೆ ಇರುವ ಆ ಎರಡು ತಿಂಗಳು ಮಾತ್ರ
ಕೊಡೆ ಹಿಡಿದು ಬರಬಹುದಿತ್ತು
ನಮ್ಮ ಕೋಡಿಬಾಗದ ಓಣಿಗೆ.

ಆದರೆ ಬಾಗಿಲ ಮೇಲೆ ನಾನೇ ಬರೆದಿದ್ದೆನಲ್ಲ.
ಎಂಟನೇ ಕ್ಲಾಸು. ರಾತ್ರಿ ದೆವ್ವ ಬಾಗಿಲು ಬಡಿಯುತ್ತದೆ,
ಗುರುತಿನವರ ದನಿಯಲ್ಲಿ ಕರೆಯುತ್ತದೆ ಎಂಬ ಸುದ್ದಿ.
ಅಕ್ಷರ ದುಂಡಗಿದೆಯೆಂದು ಇಡೀ ಓಣಿಯ ಬಾಗಿಲಿಗೆ
ಇದ್ದಿಲಲ್ಲಿ ನನ್ನಿಂದಲೇ ಬರೆಸಿದರು: ನಾಳೆ ಬಾ.
ಬಂದು, ಓದಿ, ಹಿಂದೆ ಹೋಗುತ್ತಿತ್ತಂತೆ ದಿನಾ.
ಎಂಥ ಮರ್ಯಾದಸ್ಥ ದೆವ್ವ! ಕನ್ನಡ ಬೇರೆ ಬರುತ್ತಿತ್ತು.
ಆಮೇಲೆ ಒಬ್ಬ ಮನುಷ್ಯನಿಗೂ ಅದನ್ನೇ ಅಂದೆ.
ಅವನು ಒಂದೇ ಸಲ ಬಂದ.

ಸಿನಿಮಾ ಕಾರವಾರಕ್ಕೆ ಬರಲಿಲ್ಲ.
ಮಡಗಾಂವಿಗೆ ರೈಲು ಹತ್ತಿದೆವು, ಅವಳೂ ನಾನೂ.
ಮನೆಯಲ್ಲಿ ಹೇಳಿದ್ದು: ಕಣ್ಣಿನ ಡಾಕ್ಟರು.
ಕಾಳಿ ಸೇತುವೆ, ಅಸ್ನೋಟಿ, ಆಮೇಲೆ ಸುರಂಗದ ಕತ್ತಲಲ್ಲಿ
ಸಂಪದಾ ನನ್ನ ಕುತ್ತಿಗೆಗೆ ಎರಡು ಉಗುರು ಒತ್ತಿದಳು.
ಬೆಳಕು ಬಂದಾಗ ನಮ್ಮ ನಗು ನೋಡಿ
ಎದುರಿನ ಹೆಂಗಸು ಮೀನುಬುಟ್ಟಿ ಹತ್ತಿರ ಎಳೆದುಕೊಂಡಳು.

ಪರದೆಯ ರಕ್ತಕ್ಕೆ ಮುರುಗಲ ಶರಬತ್ತಿನ ಬಣ್ಣ.
ಅಷ್ಟು ಮೇಲೆ ಕಚ್ಚಿದರೆ ನರವೇ ಸಿಗುವುದಿಲ್ಲ.
ಹುಡುಗ ಪುಸ್ತಕದವನಿಗಿಂತ ಗಿಡ್ಡ.
ಹೊಸ್ತಿಲ ಒಂಬತ್ತು ಅಧ್ಯಾಯ ನಾಲ್ಕು ನಿಮಿಷದಲ್ಲಿ ಮುಗಿಸಿಬಿಟ್ಟರು!
ವಾಪಸು ಬರುವಾಗ ದಾರಿಯುದ್ದಕ್ಕೂ ಜಗಳ,
'ಪುಸ್ತಕದಲ್ಲಿ ಹೀಗಿಲ್ಲ, ಪುಸ್ತಕದಲ್ಲಿ ಹೀಗಿಲ್ಲ.'
ಹಾಗೆನ್ನುತ್ತಿದ್ದದ್ದು ಸಂಪದಾ ಅಲ್ಲ, ನಾನು
ಎಂದು ತಿಳಿದದ್ದು ಕಾಣಕೋಣ ದಾಟಿದ ಮೇಲೆ.
ಆದರೂ ಅವಳು 'ಬಾ' ಅಂದಾಗ ಅತ್ತೆ, ಸುಳ್ಳು ಯಾಕೆ.
ಮುಂದಿನ ವಾರ ಮತ್ತೆ ಹೋಗುವುದಿದೆ,
ಎಡಗಣ್ಣಿಗೆ.

ಸೋಮವಾರ. ಕಿಟಕಿಯ ಮುಂದೆ ಸಾಲು.
'ರಿಪೋರ್ಟು?' 'ನಾಳೆ ಬನ್ನಿ.'
'ರಿಪೋರ್ಟು?' 'ನಾಳೆ ಬ...'
ಕೈ ನೋಡಿಕೊಂಡೆ. ಇದ್ದಿಲೇನೂ ಇರಲಿಲ್ಲ.
ಕದ್ರಾ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ಮುದುಕ,
ರಕ್ತವಿಲ್ಲದೆ ಬೆಳ್ಳಗೆ,
ಬಾಯಲ್ಲಿ ಉಳಿದದ್ದು ಎರಡೇ ಹಲ್ಲು, ಆಚೆಗೊಂದು ಈಚೆಗೊಂದು,
ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಿದ್ದ.
'ಒಳಗೆ ಬನ್ನಿ' ಅಂದೆ.
'ಕೂತ್ಕೊಳ್ಳಿ. ಇವತ್ತೇ ಕೊಡುತ್ತೇನೆ.'